ಅನ್ನ ಅಗ್ಗ, ಊಟ ದುಬಾರಿ



ಹೊಟ್ಟೆ ತುಂಬುವುದು ಬೇರೆ, ಮೈಗೆ ಹಿಡಿಯುವುದು ಬೇರೆ. ರೇಶನ್ ಅಕ್ಕಿಯ ದೆಸೆಯಿಂದ ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಇಂದು ಗಂಜಿಗೆ ಹೆಚ್ಚಿನ ತತ್ವಾರವಿಲ್ಲ. ಆದರೆ ಗಂಜಿಯ ಜೊತೆಗೆ ಏನಿದೆ ಎಂದು ಕೇಳಿದರೆ ಅನೇಕ ಮನೆಗಳಲ್ಲಿ ಉತ್ತರ ಉಪ್ಪಿನಕಾಯಿಗೇ ಮುಗಿಯುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಧಾನ್ಯ 250 ಗ್ರಾಂ ಸಾಕು. ತರಕಾರಿ ಮತ್ತು ಸೊಪ್ಪು 400 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ-ಮೀನು 85 ಗ್ರಾಂ, ಹಾಲು 300 ಮಿಲಿಲೀಟರ್, ಹಣ್ಣು 100 ಗ್ರಾಂ ಬೇಕು. ಅಂದರೆ ತೂಕದಲ್ಲಿ ಅಕ್ಕಿಗಿಂತ ತರಕಾರಿ ಹೆಚ್ಚು. ನಮ್ಮ ಬಟ್ಟಲಲ್ಲಿ ಇದು ತಿರುವುಮುರುವಾಗಿದೆ.

ನಾಲ್ವರ ಮನೆಯ ಲೆಕ್ಕ ಹಾಕೋಣ. ತಿಂಗಳಿಗೆ ತರಕಾರಿ 48 ಕಿಲೋ; ಕಿಲೋಗೆ 40 ರೂಪಾಯಿ ಎಂದು ಹಿಡಿದರೆ 1,920 ರೂಪಾಯಿ. ಬೇಳೆಕಾಳು ಸುಮಾರು 10 ಕಿಲೋ, 120ರಂತೆ 1,200. ಹಾಲು 36 ಲೀಟರ್, 50ರಂತೆ 1,800. ಒಟ್ಟು 4,920 ರೂಪಾಯಿ. ಅಕ್ಕಿ, ಎಣ್ಣೆ, ಹಣ್ಣು ಇದರಲ್ಲಿ ಸೇರಿಲ್ಲ. ಮಳೆಗಾಲದಲ್ಲಿ ವಾರಕ್ಕೆ ಎರಡು ದಿನ ಕೆಲಸ ಸಿಗುವ ಕೂಲಿಕಾರನಿಗೆ “ಒಳ್ಳೆಯ ಆಹಾರ ತಿನ್ನಿ” ಎಂದು ಬುದ್ಧಿ ಹೇಳುವವರು ಮೊದಲು ಈ ಲೆಕ್ಕ ನೋಡಬೇಕು. ಅವನಲ್ಲಿ ಇಲ್ಲದಿರುವುದು ಬುದ್ಧಿಯಲ್ಲ, ಹಣ.

ಆದರೆ ಭೂಮಿಯಿರುವ ನಮಗೆ ಈ ನೆವ ಸಲ್ಲದು. ಅಡಿಕೆಗೆ ಕ್ರಯ ಬಂದಾಗ ಗದ್ದೆಗೆ ಮಣ್ಣು ತುಂಬಿಸಿ ಸಸಿ ನೆಟ್ಟೆವು. ಸೌತೆ, ಅಲಸಂಡೆ, ಹುರುಳಿ ಬೆಳೆಯುತ್ತಿದ್ದ ಜಾಗವೂ ತೋಟವಾಯಿತು. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ತೆನೆಯನ್ನು ಬೇರೆಯವರ ಗದ್ದೆಯಲ್ಲಿ ಹುಡುಕುವ ಮನೆಗಳು ನಮ್ಮಲ್ಲಿವೆ. ಅಡಿಕೆ ಮಾರಿದ ಹಣದಲ್ಲಿ ಹೊರಗಿನಿಂದ ಬಂದ ಬಾಡಿದ ತರಕಾರಿ, ಮಕ್ಕಳಿಗೆ ಬೇಕರಿ ತಿಂಡಿ ತರುತ್ತೇವೆ. ಅಡಿಕೆ ಸಾಲ ತೀರಿಸೀತು, ಮಕ್ಕಳ ಎಲುಬು ಗಟ್ಟಿ ಮಾಡದು.

ಮೇಲಿನ ಲೆಕ್ಕದಲ್ಲಿ ನಮ್ಮ ಕೈಯಲ್ಲಿರುವುದು ಮೊದಲನೆಯ 1,920. ಪಾತ್ರೆ ತೊಳೆದ ನೀರಿಗೆ ಒಂದು ಬಸಳೆ ಚಪ್ಪರ, ಬೇಲಿಗೆ ಎರಡು ನುಗ್ಗೆ ಗೆಲ್ಲು, ಬಿಸಿಲಿರುವ ಕಡೆ ಹರಿವೆ ಮತ್ತು ತೊಂಡೆ, ನೆರಳಿನಲ್ಲಿ ಕೆಸು: ಇಷ್ಟಿದ್ದರೆ ಸಂತೆಯ ಖರ್ಚು ಬಹಳಷ್ಟು ಇಳಿಯುತ್ತದೆ. ಒಂದು ಎಚ್ಚರಿಕೆ: ಅಡಿಕೆಗೆ ಮೈಲುತುತ್ತು ಬಿಡುವ ದಿನಗಳಲ್ಲಿ ಮರದಡಿಯ ಸೊಪ್ಪನ್ನು ಕೊಯ್ಯಬೇಡಿ.

ಇನ್ನು ಬಟ್ಟಲು ಯಾರದು ಎಂಬ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ದೇಶದಲ್ಲಿ ನೂರಕ್ಕೆ 57, ಆಸ್ಪತ್ರೆಗಳಿಗೆ ಹೆಸರಾದ ಕೇರಳದಲ್ಲೂ 36. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಅಮ್ಮ ಉಣ್ಣುವ ಪದ್ಧತಿಯನ್ನು ತ್ಯಾಗವೆಂದು ಹೊಗಳುವುದನ್ನು ನಾವು ನಿಲ್ಲಿಸಬೇಕು. ಪಲ್ಯ, ಮೀನು ಅವರಿಗೂ ಮೊದಲೇ ಬಡಿಸಿಡಿ. ಸೊಪ್ಪಿಗೆ ಲಿಂಬೆ ಹಿಂಡಿದರೆ ಅದರ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹಿಡಿಯುತ್ತದೆ; ಊಟದ ಬೆನ್ನಿಗೇ ಚಹಾ ಕುಡಿದರೆ ಅದು ವ್ಯರ್ಥವಾಗುತ್ತದೆ.

ಕೊನೆಯದಾಗಿ, ತೋಟಕ್ಕೆ ಕೆಲಸಕ್ಕೆ ಬಂದವರು ಮನೆಗೆ ಹೊರಡುವಾಗ ಒಂದು ಕಟ್ಟು ಹರಿವೆಯೋ ಒಂದು ಪಪ್ಪಾಯಿಯೋ ಕೊಟ್ಟು ಕಳುಹಿಸಿ. ಅದನ್ನು ಸಂಬಳದ ಲೆಕ್ಕಕ್ಕೆ ಸೇರಿಸಬೇಡಿ. ಬರುವ ಆದಿತ್ಯವಾರ ಪೂಜೆಗೆ ಬರುವಾಗ ಮನೆಯಲ್ಲಿ ಹೆಚ್ಚಾದ ಬೀಜ, ಬಳ್ಳಿ, ಗೆಲ್ಲುಗಳನ್ನು ತನ್ನಿ; ಇಲ್ಲದವರು ಸಂಕೋಚವಿಲ್ಲದೆ ಕೊಂಡೊಯ್ಯಿರಿ.