ಸವೆದ ಮಂಡಿಗೆ ಯಾವ ಚಿಕಿತ್ಸೆ, ಯಾರ ಹಣ?

ಸಕಲೇಶಪುರ ತಾಲ್ಲೂಕಿನ ಬೆಳಗೋಡು ಹೋಬಳಿಯಲ್ಲಿ ನಮ್ಮ ಕುಟುಂಬದ ಸಣ್ಣದೊಂದು ಕಾಫಿ ತೋಟವಿದೆ. ಪಕ್ಕದ ತೋಟದವರು ನನಗಿಂತ ಐದಾರು ವರ್ಷ ಕಿರಿಯರು. ಮರಗಸಿಯಿಂದ ಹಿಡಿದು ಮೆಣಸಿನ ಕೊಯ್ಲಿನವರೆಗೆ ಆಳುಗಳ ಜೊತೆಯಲ್ಲಿ ತಾವೂ ದುಡಿದವರು. ಎರಡೂ ಮಂಡಿಗಳು ಸವೆದು ಇಳಿಜಾರು ಇಳಿಯಲಾರದ ಸ್ಥಿತಿ ಬಂದಾಗ ಬೆಂಗಳೂರಿನ ಖಾಸಗಿ ಕ್ಲಿನಿಕ್ಕೊಂದರ ಕರಪತ್ರ ಅವರ ಕೈಸೇರಿತು. ‘ಸ್ಟೆಮ್ ಸೆಲ್’ ಚುಚ್ಚುಮದ್ದಿನಿಂದ ಹೊಸ ಮೃದ್ವಸ್ಥಿ ಬೆಳೆಯುತ್ತದೆ, ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲ ಎಂಬುದು ಅದರ ಭರವಸೆ. ಆ ವರ್ಷದ ಮೆಣಸಿನ ಹಣವೆಲ್ಲ ಅಲ್ಲಿಗೆ ಹೋಯಿತು. ನೋವು ಕೆಲವು ತಿಂಗಳು ತಗ್ಗಿ ಮತ್ತೆ ಮರಳಿತು. ಚುಚ್ಚಿದ್ದು ಯಾವ ಕೋಶ, ಎಲ್ಲಿ ತಯಾರಾದದ್ದು, ಯಾರ ಅನುಮತಿಯಿಂದ ಎಂಬ ಬಗ್ಗೆ ರಸೀದಿಯಲ್ಲಿ ಒಂದು ಸಾಲೂ ಇಲ್ಲ.

ಇದನ್ನು ಬರೀ ಮೋಸವೆಂದು ತಳ್ಳಿಹಾಕಬಹುದು. ಆದರೆ ಕರಪತ್ರದ ಹಿಂದೆ ನಿಜವಾದ ವಿಜ್ಞಾನವೊಂದಿದೆ. ಅದು ಎಲ್ಲಿಯವರೆಗೆ ನಿಜ ಎಂಬುದು ರೋಗಿಗೆ ತಿಳಿಯದಿರುವುದೇ ತೊಂದರೆಯ ಮೂಲ.

ಮಂಡಿಯ ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿ ಕೆಲವೇ ಮಿಲಿಮೀಟರ್ ದಪ್ಪದ್ದು. ಅದರಲ್ಲಿ ರಕ್ತನಾಳಗಳಿಲ್ಲ, ನರಗಳಿಲ್ಲ, ಜೀವಕೋಶಗಳೂ ವಿರಳ. ಚರ್ಮಕ್ಕೆ ಗಾಯವಾದರೆ ರಕ್ತ ಹರಿದುಬಂದು ದುರಸ್ತಿ ಆರಂಭವಾಗುತ್ತದೆ. ಇಲ್ಲಿ ಆ ಅವಕಾಶವಿಲ್ಲ. ಒಮ್ಮೆ ಕೆಟ್ಟ ಮೃದ್ವಸ್ಥಿ ಮತ್ತೆ ಕೂಡಿಕೊಳ್ಳದೆಂಬುದನ್ನು ಲಂಡನ್ನಿನ ಅಂಗರಚನಾ ತಜ್ಞ ವಿಲಿಯಂ ಹಂಟರ್ 1743ರಲ್ಲಿಯೇ ದಾಖಲಿಸಿದ್ದ.

ಅಂಗಾಂಶ ಎಂಜಿನಿಯರಿಂಗ್ ಈ ಮಿತಿಯನ್ನು ದಾಟಲು ಹೊರಟ ಶಾಸ್ತ್ರ. ಸ್ವೀಡನ್ನಿನ ಯೋಟೆಬೊರಿ ನಗರದ ವೈದ್ಯರು ರೋಗಿಯ ಮಂಡಿಯಿಂದಲೇ ಮೃದ್ವಸ್ಥಿಯ ಚೂರೊಂದನ್ನು ತೆಗೆದು, ಅದರ ಕೋಶಗಳನ್ನು ಪ್ರಯೋಗಾಲಯದಲ್ಲಿ ವೃದ್ಧಿಸಿ, ಹಾನಿಯಾದ ಜಾಗಕ್ಕೆ ಮರಳಿ ನೆಟ್ಟರು. ಸಸಿಮಡಿಯಲ್ಲಿ ಅಗೆ ಬೆಳೆಸಿ ಗದ್ದೆಗೆ ನಾಟಿ ಮಾಡುವ ಕ್ರಮವೇ ಇದು. 1994ರಲ್ಲಿ ಪ್ರಕಟವಾದ ಅವರ ವರದಿಯಲ್ಲಿದ್ದವರು 23 ರೋಗಿಗಳು. ತೊಡೆಮೂಳೆಯ ತುದಿಗೆ ನಾಟಿ ಮಾಡಿಸಿಕೊಂಡ 16 ಮಂದಿಯಲ್ಲಿ 14 ಮಂದಿಗೆ ಉತ್ತಮ ಫಲ ಸಿಕ್ಕಿತ್ತು. ಮಂಡಿಚಿಪ್ಪಿಗೆ ಮಾಡಿಸಿಕೊಂಡ 7 ಮಂದಿಯಲ್ಲಿ ಇಬ್ಬರಿಗೆ ಮಾತ್ರ. ಮುಂದೆ ಕೋಶಗಳಿಗೆ ಆಸರೆಯಾಗಿ, ಕಟ್ಟಡಕ್ಕೆ ಸಾರುವೆ ಕಟ್ಟಿದಂತೆ, ಕೊಲಾಜನ್ ಪೊರೆಗಳು ಬಂದವು. ದೆಹಲಿಯ ಐಐಟಿಯಲ್ಲಿ ಸೌರಭ್ ಘೋಷ್ ಅವರ ತಂಡ ರೇಷ್ಮೆಯ ಪ್ರೋಟೀನು ಹಾಗೂ ಜೆಲಾಟಿನ್ ಬೆರೆಸಿ ಮೃದ್ವಸ್ಥಿಯನ್ನು ‘ಮುದ್ರಿಸುವ’ ಪ್ರಯೋಗ ನಡೆಸಿದೆ. ದೇಶದ ಹಿಪ್ಪುನೇರಳೆ ರೇಷ್ಮೆಯಲ್ಲಿ ಮೊದಲ ಸ್ಥಾನ ನಮ್ಮ ರಾಜ್ಯದ್ದು. ರೇಷ್ಮೆಗೂಡಿಗೆ ಸೀರೆಯಾಚೆಗೂ ಒಂದು ಮಾರುಕಟ್ಟೆ ಇರಬಹುದೆಂದು ನಮ್ಮ ಇಲಾಖೆಗಳು ಯೋಚಿಸಿದರೆ ನಷ್ಟವೇನಿಲ್ಲ.

ಈ ನಾಟಿ ಎಲ್ಲ ಗದ್ದೆಗೂ ಹೊಂದುವುದಿಲ್ಲ ಎಂಬುದನ್ನು ಕರಪತ್ರಗಳು ಹೇಳುವುದಿಲ್ಲ. ಬ್ರಿಟನ್ನಿನ ಆರೋಗ್ಯ ಮೌಲ್ಯಮಾಪನ ಸಂಸ್ಥೆ ‘ನೈಸ್’ 2017ರಲ್ಲಿ ಇದಕ್ಕೆ ಸಾರ್ವಜನಿಕ ಹಣ ವ್ಯಯಿಸಲು ಒಪ್ಪಿದಾಗ ವಿಧಿಸಿದ ಷರತ್ತುಗಳನ್ನು ನೋಡಬೇಕು. ಹಾನಿ 2 ಚದರ ಸೆಂಟಿಮೀಟರಿಗಿಂತ ದೊಡ್ಡದಿರಬೇಕು, ಹಿಂದೆ ಮೃದ್ವಸ್ಥಿ ದುರಸ್ತಿಯ ಶಸ್ತ್ರಚಿಕಿತ್ಸೆ ಆಗಿರಬಾರದು, ಮಂಡಿಯ ಉಳಿದ ಭಾಗದಲ್ಲಿ ಸವೆತ ಅತ್ಯಲ್ಪವಾಗಿರಬೇಕು. ಅಂದರೆ ಬಿದ್ದು ಪೆಟ್ಟು ಮಾಡಿಕೊಂಡ ಕಿರಿಯ ವಯಸ್ಸಿನ ಮಂಡಿಗೆ ಇದು ಹೊಂದುತ್ತದೆ. ಮೂವತ್ತು ವರ್ಷ ಇಳಿಜಾರಿನಲ್ಲಿ ಮೂಟೆ ಹೊತ್ತ ಮಂಡಿಯಲ್ಲಿ ಕೊಚ್ಚಿಹೋಗಿರುವುದು ಇಡೀ ಗದ್ದೆಯ ಮಣ್ಣು. ನಮ್ಮಲ್ಲಿಯೂ 2017ರಲ್ಲಿ ಮುಂಬಯಿಯ ರೀಗ್ರೋ ಬಯೋಸೈನ್ಸಸ್ ಸಂಸ್ಥೆಯ ‘ಕಾರ್ಟಿಗ್ರೋ’ ಎಂಬ ಇದೇ ಬಗೆಯ ಚಿಕಿತ್ಸೆಗೆ ಕೇಂದ್ರದ ಔಷಧ ಮಹಾನಿಯಂತ್ರಕರು ಅನುಮತಿ ಕೊಟ್ಟಿದ್ದಾರೆ.

ಸವೆದ ಮಂಡಿಗೆಂದೇ ಅನುಮತಿ ಪಡೆದ ಉತ್ಪನ್ನ ತಯಾರಾದದ್ದು ಬೆಂಗಳೂರಿನಲ್ಲಿಯೇ. ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ, ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಕೋಶಗಳ ಚುಚ್ಚುಮದ್ದು 2022ರಲ್ಲಿ ಮಾರುಕಟ್ಟೆಗೆ ಬಂತು. 146 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಗಿದೆ. ಒಂದು ವರ್ಷದ ನಂತರ ನೋವು ಮತ್ತು ಬಿಗಿತ ಕಡಿಮೆಯಾಗಿತ್ತು. ಮೃದ್ವಸ್ಥಿ ಮತ್ತಷ್ಟು ಕೆಡುವುದು ತಡೆದಿತ್ತು. ಅದರ ಗಾತ್ರದಲ್ಲಿ ಗಮನಾರ್ಹ ವ್ಯತ್ಯಾಸವಾಗಿರಲಿಲ್ಲ. ಸವೆತಕ್ಕೆ ತಡೆ ಬಿದ್ದರೆ ಅದೂ ಸಣ್ಣ ಮಾತಲ್ಲ, ಆದರೆ ಅದು ಹೊಸ ಬೆಳವಣಿಗೆಯಲ್ಲ. ಅದೇ ವರ್ಷ ಅಮೆರಿಕದಲ್ಲಿ 450ಕ್ಕೂ ಹೆಚ್ಚು ರೋಗಿಗಳ ಮೇಲೆ ಬೇರೆ ಮೂರು ಬಗೆಯ ಕೋಶ ಚಿಕಿತ್ಸೆಗಳನ್ನು ಪರೀಕ್ಷಿಸಿದಾಗ, ಒಂದು ವರ್ಷದ ಬಳಿಕ ಅವುಗಳಲ್ಲಿ ಯಾವುದೂ ಅಗ್ಗದ ಸ್ಟಿರಾಯ್ಡ್ ಚುಚ್ಚುಮದ್ದಿಗಿಂತ ಮೇಲೆನಿಸಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಮುಖ್ಯವೆನಿಸುವುದು ಬೆಲೆಯ ಪ್ರಶ್ನೆ. ರೋಗಿಯದೇ ಕೋಶ ಬೆಳೆಸುವ ವಿಧಾನ ಅಳತೆ ಕೊಟ್ಟು ಹೊಲಿಸುವ ಬಟ್ಟೆಯಂತೆ: ಪ್ರತಿಯೊಬ್ಬರಿಗೂ ಪ್ರತ್ಯೇಕ ಸಿದ್ಧತೆ, ಪ್ರತ್ಯೇಕ ತಪಾಸಣೆ. ಸಾವಿರ ಮಂದಿಗೆ ಮಾಡಿದರೂ ತಲಾ ವೆಚ್ಚ ಹೆಚ್ಚು ಇಳಿಯದು. ದಾನಿಯ ಕೋಶದ್ದು ಸಿದ್ಧ ಉಡುಪಿನ ವ್ಯವಹಾರ, ಉತ್ಪಾದನೆ ಹೆಚ್ಚಿದಂತೆ ಅಗ್ಗವಾಗಬಲ್ಲದು. ಬದಲಿ ಕೀಲಿನ ವಿಷಯದಲ್ಲಿ ಸರ್ಕಾರ ಇಂಥ ಲೆಕ್ಕ ಹಾಕಿತ್ತು. 2017ರ ಆಗಸ್ಟ್‌ನಲ್ಲಿ ಹೆಚ್ಚು ಬಳಕೆಯ ಕೃತಕ ಮಂಡಿಗೆ ತೆರಿಗೆ ಬಿಟ್ಟು ₹54,720ರ ಮಿತಿ ವಿಧಿಸಿತು. ಆಯುಷ್ಮಾನ್ ಯೋಜನೆಯಲ್ಲಿಯೂ ಮಂಡಿ ಬದಲಾವಣೆಗೆ ಸ್ಥಾನವಿದೆ. ಕೋಶ ಚಿಕಿತ್ಸೆಯನ್ನೂ ಸೇರಿಸಬೇಕೆಂಬ ಒತ್ತಾಯ ಇಂದಲ್ಲ ನಾಳೆ ಬಂದೇ ಬರುತ್ತದೆ. ಬಂದಾಗ ಬ್ರಿಟನ್ನಿನಂತೆ ಇಕ್ಕಟ್ಟಾದ ಷರತ್ತುಗಳೊಂದಿಗೆ, ಪ್ರತಿ ರೋಗಿಯ ಫಲಿತಾಂಶವನ್ನು ಐದು ವರ್ಷ ದಾಖಲಿಸುವ ಕರಾರಿನ ಮೇಲೆ ಮಾತ್ರ ಒಪ್ಪಬೇಕು.

ಅದಕ್ಕಿಂತ ಮೊದಲು ಮಾಡಬೇಕಾದದ್ದು ಅಗ್ಗದ್ದು. ಸಣ್ಣ ಹಿಡುವಳಿಗಳೇ ಹೆಚ್ಚಿರುವ ಕಾಫಿ ಸೀಮೆಯಲ್ಲಿ ಕೊಯ್ಲಿನ ಕೂಲಿಯವರು ಯಾವ ಆರೋಗ್ಯ ಲೆಕ್ಕಕ್ಕೂ ಸಿಗುವುದಿಲ್ಲ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಉದ್ದೇಶಿಸಿದ್ದು 5 ಹೆಕ್ಟೇರ್ ಮತ್ತು 15 ಕೆಲಸಗಾರರಿಗೆ ಕಡಿಮೆಯಿಲ್ಲದ ತೋಟಗಳನ್ನು. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಮತ್ತು ತೂಕ ಇಳಿಕೆಯಿಂದ ಮಂಡಿ ನೋವು ತಗ್ಗುವುದು ಸಾಬೀತಾದ ವಿಷಯ. ಅದನ್ನು ಹೋಬಳಿ ಮಟ್ಟದಲ್ಲಿ ಕಲಿಸಲು ಪ್ರಯೋಗಾಲಯ ಬೇಡ, ವಾರಕ್ಕೊಮ್ಮೆ ಬರುವ ಫಿಸಿಯೋಥೆರಪಿಸ್ಟ್ ಸಾಕು.

ಇನ್ನು ಕರಪತ್ರದ ಕ್ಲಿನಿಕ್ಕುಗಳು. ಅನುಮೋದನೆ ಇಲ್ಲದ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ವೈದ್ಯಕೀಯ ಪ್ರಯೋಗದ ಹೊರಗೆ ನೀಡುವಂತಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ರೋಗಿಯದೇ ಕೋಶ, ಹೆಚ್ಚೇನೂ ಮಾರ್ಪಡಿಸಿಲ್ಲ ಎಂಬುದು ನುಣುಚಿಕೊಳ್ಳುವವರ ವಾದ. ಆದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿಯ ಅಧಿಕಾರ ನಮ್ಮ ರಾಜ್ಯದ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರಕ್ಕಿದೆ. ಚುಚ್ಚುವ ಉತ್ಪನ್ನದ ಹೆಸರು, ಬ್ಯಾಚ್ ಸಂಖ್ಯೆ, ಅನುಮತಿ ಸಂಖ್ಯೆ ರಸೀದಿಯಲ್ಲಿ ಇರಲೇಬೇಕೆಂದು ಸರ್ಕಾರ ನಿಯಮ ಮಾಡಿದರೆ ಸಾಕು, ಅರ್ಧ ಅಂಗಡಿಗಳು ಮುಚ್ಚುತ್ತವೆ. ಔಷಧ ಅಂಗಡಿಯ ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಕಾಣುವ ನಾವು ಲಕ್ಷದ ಚುಚ್ಚುಮದ್ದಿಗೆ ಅಷ್ಟನ್ನೂ ಕೇಳದಿರುವುದು ವಿಚಿತ್ರ.

ನಮ್ಮ ನೆರೆಯವರು ಈ ಸಲದ ಕೊಯ್ಲು ಮುಗಿದ ಮೇಲೆ ಒಂದು ಮಂಡಿಗೆ ಬದಲಿ ಕೀಲು ಹಾಕಿಸಿಕೊಳ್ಳಲು ನಿರ್ಧರಿಸಿದ್ದಾರೆ. ಹಳೆಯ ರಸೀದಿಯನ್ನು ದೂರಿನ ಜೊತೆ ಲಗತ್ತಿಸಲು ನನ್ನ ಕೈಗೆ ಕೊಟ್ಟಿದ್ದಾರೆ.