ಬಿಸಿಲಿಗೆ ಬಿಯರ್: ಕಡಿಮೆ ರೇಟಿನ ಬಾಟಲಿಗೇ ಜಾಸ್ತಿ ಪೆಟ್ಟು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಎಲ್ಲೇ ಹೋಗಿ, ಬೇಸಿಗೆಯಲ್ಲಿ ಎಂಆರ್‌ಪಿ ಅಂಗಡಿ ಮುಂದೆ ಮೊದಲ ಮಾತು 'ಅಣ್ಣ, ಕೂಲ್ ಇರೋದು ಕೊಡಿ'. 2025ರ ಬೇಸಿಗೆಯಲ್ಲಿ ಎರಡನೇ ಮಾತು ರೇಟಿಂದಾಗಿತ್ತು.

2025ರ ಜನವರಿ 20ರಿಂದ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ.185ರಿಂದ 195ಕ್ಕೆ ಏರಿತು. ಅದಕ್ಕಿಂತ ದೊಡ್ಡ ಪೆಟ್ಟು ಪಕ್ಕದ ಸಾಲಲ್ಲಿತ್ತು: ಶೇ.195 ಅಥವಾ ಲೀಟರ್‌ಗೆ 130 ರೂ., ಯಾವುದು ಹೆಚ್ಚೋ ಅದು. ಅಂದ್ರೆ 650 ಎಂಎಲ್ ಬಾಟಲಿ ಎಷ್ಟೇ ಅಗ್ಗದ್ದಾದರೂ 84 ರೂ. 50 ಪೈಸೆ ಆಗ ಬರೀ ಈ ಸುಂಕಕ್ಕೇ ಹೋಗ್ತಿತ್ತು. 100 ರೂ. ಇದ್ದ ಲೆಜೆಂಡ್ 145 ಆಯ್ತು, 130ರ ಪವರ್ ಕೂಲ್ 155. 240ರ ವುಡ್‌ಪೆಕರ್ ಮಾತ್ರ 250. ಕಬ್ಬು ಕಡಿದು ಬರೋನಿಗೆ 45 ರೂ. ಏರಿಕೆ, ಕೆಆರ್‌ಎಸ್ ನೋಡೋಕೆ ಕಾರಲ್ಲಿ ಬರೋರಿಗೆ 10.

ಬಿಸಿಲಿಗೆ ಮೈಲ್ಡೇ ವಾಸಿ. ಸ್ಟ್ರಾಂಗ್ ಹೊಡೆದು ಒಂದಕ್ಕೆ ಹೋಗಿ ಹೋಗಿ ಮೈಯಲ್ಲಿರೋ ನೀರೂ ಖಾಲಿ. ಆದ್ರೆ 2025ರಲ್ಲಿ ಮೂಲ ಸುಂಕ ಮೈಲ್ಡ್‌ಗೆ ಲೀಟರ್‌ಗೆ 12, ಸ್ಟ್ರಾಂಗ್‌ಗೆ 20 ಇತ್ತು. ಬಾಟಲಿಗೆ ಐದು ರೂಪಾಯಿ ಚಿಲ್ಲರೆ ವ್ಯತ್ಯಾಸ. ಅಷ್ಟಕ್ಕೆ ಯಾರು ಸ್ಟ್ರಾಂಗ್ ಬಿಡ್ತಾರೆ?

ಇನ್ನೊಂದು. ಎಂಆರ್‌ಪಿ ಅಂಗಡಿಯಲ್ಲಿ 'ಕೂಲಿಂಗ್'ಗೆ ಅಂತ ಮೇಲೆ 10 ರೂ. ಕೇಳಿದ್ರೆ ಕೊಡಬೇಕಾಗಿಲ್ಲ. ಬಾಟಲಿ ಮೇಲೆ ಇರೋದೇ ರೇಟು.