ತೆರಿಗೆ ಕಟ್ಟಿದ ಮಾತ್ರಕ್ಕೆ ಜೂಜು ವ್ಯಾಪಾರವಾಗದು

ಪ್ರತಿ ವರ್ಷ ಜುಲೈ ತಿಂಗಳಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ನನ್ನ ಬಳಿಗೆ ಬರುವವರಲ್ಲಿ ನಮ್ಮ ಸಮಾಜದ ತರುಣರು ಹಲವರಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಅವರು ಧ್ವನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದೇ: "ಸರ್, ಕ್ರಿಪ್ಟೋದಲ್ಲಿ ನನಗಾದದ್ದು ನಷ್ಟ. ಆದರೂ ತೆರಿಗೆ ಏಕೆ?" ಧ್ವನಿ ತಗ್ಗುವುದಕ್ಕೆ ಕಾರಣ ಬಹಳ ಸಲ ತೆರಿಗೆಯಲ್ಲ, ವಿಷಯ ಇನ್ನೂ ಮನೆಯವರಿಗೆ ತಿಳಿದಿರುವುದಿಲ್ಲ.

ಅಂಥ ಒಬ್ಬ ತರುಣನ ಲೆಕ್ಕ ಹೀಗಿತ್ತು. ಒಂದೇ ಹಣಕಾಸು ವರ್ಷದಲ್ಲಿ ಒಂದು ನಾಣ್ಯದಿಂದ 6 ಲಕ್ಷ ರೂಪಾಯಿ ಲಾಭ, ಮತ್ತೊಂದರಲ್ಲಿ 8 ಲಕ್ಷ ನಷ್ಟ. ಮನೆಯ ಲೆಕ್ಕದಲ್ಲಿ ಇದು 2 ಲಕ್ಷ ನಷ್ಟ. ಕಾನೂನಿನ ಲೆಕ್ಕದಲ್ಲಿ 6 ಲಕ್ಷ ಆದಾಯ. ಶೇ. 30ರಂತೆ ತೆರಿಗೆ 1,80,000 ರೂಪಾಯಿ, ಅದರ ಮೇಲೆ ಶೇ. 4ರ ಉಪಕರ 7,200, ಒಟ್ಟು 1,87,200 ರೂಪಾಯಿ. ಕಳೆದುಕೊಂಡವನೇ ಮತ್ತೆ ಸಾಲ ಮಾಡಿ ತೆರಿಗೆ ಕಟ್ಟಬೇಕಾಯಿತು.

2022ರ ಹಣಕಾಸು ಕಾಯ್ದೆ ತಂದ ವ್ಯವಸ್ಥೆ ಇದು. ಕ್ರಿಪ್ಟೋ ನಾಣ್ಯಗಳನ್ನು 'ವರ್ಚುವಲ್ ಡಿಜಿಟಲ್ ಆಸ್ತಿ' ಎಂದು ಕರೆದು, ಆ ವರ್ಷದ ಏಪ್ರಿಲ್ 1ರಿಂದ ಅವುಗಳ ಲಾಭಕ್ಕೆ ಶೇ. 30ರ ತೆರಿಗೆ ವಿಧಿಸಲಾಯಿತು. ಕೊಂಡ ಬೆಲೆಯ ಹೊರತು ಬೇರಾವ ಖರ್ಚನ್ನೂ ಕಳೆಯುವಂತಿಲ್ಲ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದೊಡನೆ ಸರಿದೂಗಿಸುವಂತಿಲ್ಲ. ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ರೂಪಾಯಿ ಕೈಗೆ ಬಾರದೆ ಒಂದು ನಾಣ್ಯ ಕೊಟ್ಟು ಇನ್ನೊಂದನ್ನು ಪಡೆದರೂ ಅದು ಮಾರಾಟವೇ. ಷೇರಿನ ಬಂಡವಾಳ ನಷ್ಟವನ್ನಾದರೆ ಎಂಟು ವರ್ಷಗಳವರೆಗೆ ಮುಂದೊಯ್ಯಬಹುದು. ಲಾಟರಿ ಬಹುಮಾನಕ್ಕೂ ಇದೇ ಶೇ. 30ರ ದರ. ಸರ್ಕಾರ ಬಾಯಿಬಿಟ್ಟು ಹೇಳದಿದ್ದರೂ ಇದನ್ನು ಯಾವುದರ ಪಕ್ಕದಲ್ಲಿ ಕೂರಿಸಿದೆ ಎಂಬುದು ದರದಿಂದಲೇ ತಿಳಿಯುತ್ತದೆ.

"ಸರ್ಕಾರವೇ ತೆರಿಗೆ ಪಡೆಯುತ್ತಿದೆ, ಸುಪ್ರೀಂ ಕೋರ್ಟ್ ಅನುಮತಿ ಕೊಟ್ಟಿದೆ, ಇನ್ನೇನು ಭಯ?" ಎಂಬ ವಾದವನ್ನು ನಾನು ಪದೇ ಪದೇ ಕೇಳುತ್ತೇನೆ. ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆ ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕುಗಳ ಬಾಗಿಲು ಮುಚ್ಚಿತ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಆ ನಿರ್ಬಂಧ ಪ್ರಮಾಣ ಮೀರಿದ್ದು ಎಂಬುದು ತೀರ್ಪಿನ ಸಾರವೇ ಹೊರತು, ನಾಣ್ಯಗಳು ಸುರಕ್ಷಿತ ಎಂಬ ಪ್ರಮಾಣಪತ್ರವಲ್ಲ. 2023ರ ಮಾರ್ಚ್‌ನಲ್ಲಿ ಈ ವಹಿವಾಟು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೂ ಬಂತು. ಅಂದರೆ ತೆರಿಗೆಗೆ ಕಾನೂನಿದೆ, ನಿಗಾಕ್ಕೆ ಕಾನೂನಿದೆ. ಹಣ ಹೂಡಿದವನ ರಕ್ಷಣೆಗೆ ಕಾನೂನಿಲ್ಲ.

ಇದರ ಬೆಲೆ ಏನೆಂದು 2024ರ ಜುಲೈ ತೋರಿಸಿತು. ವಜೀರ್‌ಎಕ್ಸ್ ವಿನಿಮಯ ತಾಣದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದವು. ಭಾರತೀಯ ಗ್ರಾಹಕರು ತಮ್ಮ ಹಣಕ್ಕಾಗಿ ಸಿಂಗಪುರದ ನ್ಯಾಯಾಲಯದತ್ತ ನೋಡುತ್ತ ಕೂರಬೇಕಾಯಿತು. ಲಾಭದಲ್ಲಿ ಮೂರನೆಯ ಒಂದು ಭಾಗದಷ್ಟನ್ನು ಪಡೆಯುವ ಪ್ರಭುತ್ವ, ಆ ವಹಿವಾಟಿಗೆ ನಿಯಂತ್ರಕನನ್ನು ನೇಮಿಸುವ ಹೊಣೆಯನ್ನು ಮುಂದೂಡುತ್ತಿರುವುದು ನ್ಯಾಯವಲ್ಲ. ಒಂದೋ ಸ್ಪಷ್ಟವಾದ ಕಾನೂನು ತಂದು ಗ್ರಾಹಕನನ್ನು ಕಾಯಬೇಕು, ನಷ್ಟವನ್ನೂ ನಷ್ಟವೆಂದು ಒಪ್ಪಬೇಕು. ಇಲ್ಲವೇ ಇದು ಜೂಜೆಂದು ನೇರವಾಗಿ ಸಾರಬೇಕು.

ಆದರೆ ಸರ್ಕಾರವನ್ನು ದೂರಿ ಕೈತೊಳೆದುಕೊಳ್ಳುವಂತಿಲ್ಲ. ಸಪ್ತವ್ಯಸನಗಳಲ್ಲಿ ಮೊದಲನೆಯದು ದ್ಯೂತವೆಂದು ನಮ್ಮ ಮಕ್ಕಳಿಗೆ ಪಾಠಶಾಲೆಯಲ್ಲೇ ಕಲಿಸುತ್ತೇವೆ. ಷೇರಿನ ಹಿಂದೆ ಒಂದು ಕಾರ್ಖಾನೆಯೋ ಸಂಸ್ಥೆಯೋ ಇದ್ದು, ಅದರ ಗಳಿಕೆಯಲ್ಲಿ ಪಾಲು ಸಿಗುತ್ತದೆ. ಬಹುತೇಕ ಕ್ರಿಪ್ಟೋ ನಾಣ್ಯಗಳ ಹಿಂದೆ ಅಂಥ ಗಳಿಕೆ ಇಲ್ಲ. ನಾಳೆ ಇನ್ನೊಬ್ಬ ಹೆಚ್ಚು ಕೊಡುವನೆಂಬ ನಿರೀಕ್ಷೆಯೇ ಅದರ ಬೆಲೆ. 2021ರ ನವೆಂಬರ್‌ನಲ್ಲಿ ಸುಮಾರು 69,000 ಡಾಲರ್ ಮುಟ್ಟಿದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 16,000ಕ್ಕೂ ಕೆಳಗಿಳಿದಿತ್ತು. ಮುಂದೆ ಅದು ಮತ್ತೆ ಏರಿತು ನಿಜ. ಆದರೆ ಸಾಲ ತಂದು ಹೂಡಿದವನಿಗೆ ಕಾಯುವ ಅವಕಾಶವಿರಲಿಲ್ಲ. ತನ್ನ ಸ್ವಂತ ಉಳಿತಾಯದ ಅಲ್ಪಾಂಶವನ್ನು ತಿಳಿದೂ ತಿಳಿದೂ ಹೂಡಿ ವರ್ಷಗಟ್ಟಲೆ ಸುಮ್ಮನಿರುವವನನ್ನು ನಾನು ಜೂಜುಗಾರನೆನ್ನಲಾರೆ. ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲಿನಲ್ಲಿ ದರ ನೋಡುವವನನ್ನು ವ್ಯಾಪಾರಿ ಎನ್ನಲೂ ಆರೆ.

ಇವರಿಬ್ಬರ ನಡುವಿನ ಗೆರೆಯನ್ನು ನಮ್ಮ ಶ್ರಾವಕಾಚಾರ ಎಂದೋ ಎಳೆದಿದೆ. ಪರಿಗ್ರಹ ಪರಿಮಾಣವೆಂದರೆ ಗಳಿಸಬೇಡವೆಂದಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲೇ ನಿರ್ಧರಿಸು ಎಂದು. ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ 'ವಿರುದ್ಧ ರಾಜ್ಯಾತಿಕ್ರಮ'ವೂ ಒಂದು: ರಾಜ್ಯದ ನಿಯಮ ಮೀರಿ ವ್ಯವಹರಿಸುವುದು ಕಳವಿಗೆ ಸಮೀಪವಾದ ದೋಷ. ಕಾನೂನು ಕಠೋರವೆಂದು ಕ್ರಿಪ್ಟೋ ಲಾಭವನ್ನು ರಿಟರ್ನಿನಲ್ಲಿ ಮುಚ್ಚಿಡುವವರು ಇದನ್ನು ನೆನೆಯಬೇಕು. ಶೇ. 1ರ ಟಿಡಿಎಸ್ ಮೂಲಕ ವಹಿವಾಟಿನ ಸುಳಿವು ಹೇಗೂ ಇಲಾಖೆಗೆ ತಲುಪುತ್ತದೆ. ಆದರೆ ಸಿಕ್ಕಿಬೀಳುವ ಭಯಕ್ಕಿಂತ ವ್ರತದ ಲಜ್ಜೆ ದೊಡ್ಡದಾಗಬೇಕು.

ಹಿರಿಯರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಪಂಚಕಲ್ಯಾಣದಲ್ಲಿ ಕಲಶದ ಸವಾಲು ಕೂಗುವಾಗ ನಾವು ಮೊತ್ತ ಎಷ್ಟೆಂದು ಕೇಳುತ್ತೇವೆ, ಮೂಲ ಯಾವುದೆಂದು ಕೇಳುವುದಿಲ್ಲ. ಗೆದ್ದವನಿಗೆ ಶಾಲು ಹೊದಿಸಿ ಸೋತವನನ್ನು ಮರೆತರೆ, ತರುಣರು ಕಲಿಯುವ ಪಾಠ ಪ್ರವಚನದ್ದಲ್ಲ, ಶಾಲಿನದು.

ಆದ್ದರಿಂದ ಬರುವ ದಶಲಕ್ಷಣ ಪರ್ವಕ್ಕೆ ನನ್ನದೊಂದು ಸಲಹೆ. ಉತ್ತಮ ಆಕಿಂಚನ್ಯದ ದಿನ ಪ್ರತಿ ಕುಟುಂಬವೂ ಒಟ್ಟಿಗೆ ಕುಳಿತು ಇಂಥ ಹೂಡಿಕೆಗೆ ಮಿತಿಯೊಂದನ್ನು ಕಾಗದದ ಮೇಲೆ ಬರೆಯಲಿ. ಆ ಮಿತಿ ಶೂನ್ಯವೇ ಆದರೆ ಇನ್ನೂ ಒಳ್ಳೆಯದು. ಸಾಲದ ಹಣ, ಊರಿನ ಜಮೀನು ಮಾರಿದ ಹಣ, ತಂದೆಯ ನಿವೃತ್ತಿಯ ಹಣ ಇದಕ್ಕೆ ಸಲ್ಲದೆಂದು ಅದರಲ್ಲಿ ಸ್ಪಷ್ಟವಾಗಿರಲಿ. 'ತಿಂಗಳಿಗೆ ಖಚಿತ ಗಳಿಕೆ' ಎಂದು ಶಿಬಿರ ನಡೆಸುವವರಿಗೆ ನಮ್ಮ ಸಭಾಭವನಗಳು ಜಾಗ ಕೊಡದಿರಲಿ.

ಆ ತರುಣನಿಗೆ ನಾನು ಹೇಳಿದ್ದು ಇಷ್ಟೇ: "ರಿಟರ್ನ್ ನಾಳೆ ಸಲ್ಲಿಸೋಣ, ಇವತ್ತು ಅಪ್ಪಾಜಿಗೆ ಹೇಳು." ಮರುದಿನ ತಂದೆ ಮಗ ಇಬ್ಬರೂ ಬಂದರು. ತಂದೆ ಲೆಕ್ಕವನ್ನು ಎರಡು ಸಲ ಓದಿ, ಬೈಯಲಿಲ್ಲ. "ಸಾಲ ಎಷ್ಟಿದೆ, ಮೊದಲು ಅದನ್ನು ಹೇಳಪ್ಪ" ಎಂದರು. ಆ ಮನೆಯಲ್ಲಿ ಲೆಕ್ಕ ಸರಿಯಾಗತೊಡಗಿದ್ದು ಆ ಪ್ರಶ್ನೆಯಿಂದ.